‘ಕರಾ ಬಿಟ್ಟೀರೇನ್ರಿ?’

ಕಳೆದ ವಾರ ಎರಡು ದಿನ ನಮ್ಮ ಮನೆಗೆ ಹಾಲು ಬರಲಿಲ್ಲ.

ಇದೂ ಒಂದು ಸುದ್ದಿಯಾ ಅಂತ ಮೂಗು ಮುರಿಯಬೇಡಿ. ಹಳಿಯಾಳದಲ್ಲಿ ಮನೆ ಮಾಡಿದಂದಿನಿಂದ ನಮಗೆ ಶಾಂತವ್ವನ ಹಾಲು ತಪ್ಪಿದ್ದಿಲ್ಲ. ಬಂದ್ ಇದ್ದಾಗ ಬಂದಿದೆ. ಮಳೆಗೆ ರಸ್ತೆ ಕಿತ್ತುಹೋದಾಗ ಬಂದಿದೆ. ಮಗಳ ಮದುವೆಯ ದಿನ ಕೂಡ ಅರಿಶಿನ ಮೆತ್ತಿದ ಕೈಯಲ್ಲೇ ಕ್ಯಾನ್ ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ನಿಂತಿದ್ದಳು. (ಇವತ್ತೊಂದು ದಿನ ಸುಮ್ಮನಿರಬಾರದಿತ್ತಾ ಅಂದದ್ದಕ್ಕೆ, "ಮದವಿ ನನ್ನ ಮಗಳದ್ರಿ, ಆಕಳದ್ದಲ್ಲ" ಅಂದಿದ್ದಳು.) ಅಂಥವಳು ಹೇಳದೆ ಕೇಳದೆ ನಾಪತ್ತೆ. ಫೋನ್ ಎತ್ತುತ್ತಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಪ್ಯಾಕೆಟ್ ಹಾಲಿನ ಚಹಾ ಕುಡಿದ ನನ್ನ ಗಂಡ ಒಂದು ಮಾತೂ ಆಡದೆ ಕಪ್ ಕೆಳಗಿಟ್ಟರು. ಬೈದಿದ್ದರೆ ತಡೆದುಕೊಳ್ಳಬಹುದು, ಈ ಮೌನ ತಡೆದುಕೊಳ್ಳುವುದು ಯಾರಿಂದಾದೀತು? ಮೂರನೇ ದಿನ ಸ್ಕೂಟಿ ತೆಗೆದುಕೊಂಡು ಶಾಂತವ್ವನ ಊರಿಗೇ ಹೊರಟೆ. ದೂರವೇನಿಲ್ಲ. ದಾಂಡೇಲಿ ರಸ್ತೆ ಹಿಡಿದು, ಕಬ್ಬಿನ ಹೊಲಗಳ ಸಾಲು ಮುಗಿದಲ್ಲಿ ಎಡಕ್ಕೆ ತಿರುಗಿದರೆ ಸಿಗುತ್ತದೆ.

ಊರು ಕಾಣುವ ಮೊದಲೇ ಆಕಳು ಕೂಗುವುದು ಕೇಳಿಸಿತು. ಹಸಿವಿನ ಕೂಗು ನನಗೆ ಗೊತ್ತು, ಬೆದೆಯ ಕೂಗೂ ಗೊತ್ತು. ಇದು ಬೇರೆ. ಗಂಟಲು ಕಟ್ಟಿಹೋಗಿದೆ, ಆದರೂ ನಿಲ್ಲಿಸುತ್ತಿಲ್ಲ. ಅದು ಶಾಂತವ್ವನ ಕೊಟ್ಟಿಗೆಯಿಂದಲೇ ಬರುತ್ತಿತ್ತು.

ಶಾಂತವ್ವ ಖಾಲಿ ಬಕೆಟ್ ಪಕ್ಕ ಕೂತಿದ್ದಳು. ನನ್ನನ್ನು ನೋಡಿ ಏಳಲೂ ಇಲ್ಲ.

"ಗೌರಿ ತೊರಿ ಬಿಡವಲ್ದ್ರಿ ಅಕ್ಕಾರ" ಅಂದಳು. ಗೌರಿ ಅಂದರೆ ಅವಳ ದೊಡ್ಡ ಎಚ್.ಎಫ್. ಆಕಳು, ಹೆಚ್ಚು ಹಾಲು ಕೊಡುವ ವಿದೇಶಿ ತಳಿ. ತೊರೆ ಬಿಡುವುದು ಅಂದರೆ ಹಾಲನ್ನು ಕೆಚ್ಚಲಿಗೆ ಇಳಿಸುವುದು. ಆಕಳು ಮನಸ್ಸು ಮಾಡದಿದ್ದರೆ ಹಾಲು ಒಳಗಿದ್ದೂ ಇಲ್ಲದಂತೆ. ಎಳೆದವರ ಬೆರಳು ನೋಯಬೇಕು, ಅಷ್ಟೇ.

ಇಂಥದ್ದರಲ್ಲಿ ನಾನು ಈಗ ಅರ್ಧ ಪಂಡಿತೆ. "ಕರಾ ಬಿಟ್ಟಿಲ್ಲೇನು ಹಂಗಾರ?" ಅಂದೆ.

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಈರಪ್ಪ ಉತ್ತರ ಕೊಟ್ಟ. "ಬಿಟ್ಟೇವ್ರಿ."

"ಕರಾ ಬಿಟ್ಟಮ್ಯಾಲ ತೊರಿ ಯಾಕ ಬಿಡವಲ್ದು?"

"ಬಿಟ್ಟಿದ್ದಕ್ಕ ರೀ" ಅಂದ.

ನನಗೆ ಅರ್ಥವಾಗಲಿಲ್ಲ. ನಿಮಗೆ ಅರ್ಥವಾಗಬೇಕಾದರೆ ಒಂದು ತಿಂಗಳು ಹಿಂದಕ್ಕೆ ಹೋಗಬೇಕು.

ಆ ಊರಲ್ಲಿ ಹಾಲು ಮಾರುವ ಹತ್ತು ಹನ್ನೆರಡು ಮನೆಯವರು ಸೋಮವಾರಕ್ಕೊಮ್ಮೆ ಯಾರಾದರೊಬ್ಬರ ಕೊಟ್ಟಿಗೆಯಲ್ಲಿ ಕೂಡುತ್ತಾರೆ. ಸೋಮವಾರವೇ ಯಾಕೆ? ಅದು ಬಸವಣ್ಣನ ವಾರ, ಎತ್ತಿನ ಕೊರಳಿಗೆ ನೊಗ ಹಾಕುವಂತಿಲ್ಲ. ಎತ್ತಿಗೆ ರಜೆ ಅಂದಮೇಲೆ ಗಂಡಸರಿಗೂ ರಜೆ. ಈಗ ಆ ಊರಲ್ಲಿ ಒಂದು ಜೋಡಿ ಎತ್ತು ಸಿಗುವುದು ಕಷ್ಟ. ಎಲ್ಲರ ಹೊಲಕ್ಕೂ ಟ್ರ್ಯಾಕ್ಟರ್. ಎತ್ತು ಹೋದವು, ರಜೆ ಮಾತ್ರ ಉಳಿದಿದೆ.

ಈ ಮೀಟಿಂಗಿಗೆ ಒಬ್ಬ ಪಶುವೈದ್ಯೆ ಬರುತ್ತಾರೆ. ಇನ್ನೂ ಚಿಕ್ಕ ವಯಸ್ಸು, ಊರವರಿಗೆ ಅವರು ಡಾಕ್ಟರ್ ಬಾಯಿ. ನನ್ನನ್ನೂ ಶಾಂತವ್ವ ಕರೆದಿದ್ದಳು. "ಪೇಪರಿನ್ಯಾಗ ಏನೇನರ ಬರೀತೀರಲ್ಲ, ಒಮ್ಮೆ ನಮ್ಮದೂ ಬರೀರಿ" ಅಂತ. (ಏನೇನರ! ಇಷ್ಟು ವರ್ಷ ಬರೆದದ್ದಕ್ಕೆ ಸಿಕ್ಕ ಪ್ರಶಸ್ತಿ.) ಹೋದವಳು ರುಚಿ ಹತ್ತಿ ಪ್ರತಿ ವಾರ ಹೋಗತೊಡಗಿದೆ.

ಡಾಕ್ಟರ್ ಬಾಯಿ ತಂದ ಪಾಠ ಸರಳ. ಕರುವನ್ನು ತಾಯಿಯಿಂದ ಅಗಲಿಸಬೇಡಿ.

ಇದನ್ನು ಹೇಳಿಕೊಡಬೇಕಾ ಅಂತ ಪೇಟೆಯ ಓದುಗರು ಕೇಳಬಹುದು. ಜವಾರಿ ಆಕಳ ಕಾಲದಲ್ಲಿ ಬೇಕಿರಲಿಲ್ಲ, ಕರು ತಾಯಿಯ ಪಕ್ಕದಲ್ಲೇ ಇರುತ್ತಿತ್ತು. ಎಚ್.ಎಫ್. ಬಂದಮೇಲೆ ರೀತಿ ಬದಲಾಯಿತು. ಕರು ಹುಟ್ಟಿ ನೆಲಕ್ಕೆ ಬೀಳುತ್ತಲೇ, ತಾಯಿ ತಿರುಗಿ ನೋಡುವ ಮೊದಲೇ ಎತ್ತಿಕೊಂಡು ಹಿತ್ತಲಿಗೆ ಒಯ್ಯುವುದು. ಚೀಲದಲ್ಲಿ ಮೈ ಒರೆಸುವುದು. ಬಕೆಟ್ಟಿನಲ್ಲಿ ಬೆರಳದ್ದಿ ಹಾಲು ಕುಡಿಸುವುದು. ಮುಖ್ಯವಾದ ನಿಯಮ ಒಂದೇ: ನೆಕ್ಕಿಸಬಾರದು. ‘ನೆಕ್ಕಿದ್ರ ಮಾಯಾ ಹತ್ತತೈತಿ’ ಅನ್ನುತ್ತಾರೆ, ಮಾಯೆ ಅಂದರೆ ಇಲ್ಲಿ ಅಕ್ಕರೆ. ಮಾಯೆ ಹತ್ತಿದ ಆಕಳು ಕರು ಕಾಣದಿದ್ದರೆ ಹಾಲು ಕೊಡುವುದಿಲ್ಲ. ಹತ್ತದಿದ್ದರೆ ಮಷಿನ್ನಿಗೂ ಕೊಡುತ್ತದೆ.

ಇದನ್ನು ಕಲಿಸಿದವರೂ ಹಿಂದೊಮ್ಮೆ ಹೀಗೇ ಪಾಠ ಹೇಳಲು ಬಂದವರೇ. ಅದನ್ನು ನೆನಪಿಸಿದವನು ಮೌಲಾಸಾಬ. ದಾಂಡೇಲಿಯಲ್ಲಿ ಸಣ್ಣ ಗ್ಯಾರೇಜು, ಒಂದು ಟೆಂಪೋ, ಈ ಊರಲ್ಲಿ ಮನೆ ಮತ್ತು ಎರಡು ಆಕಳು, ಇಷ್ಟು ಅವನ ಸಂಸಾರ. ಬಾಯಿ ಮಾತ್ರ ಸಂಸಾರಕ್ಕಿಂತ ದೊಡ್ಡದು.

"ಹೋದ ಸಲ ಬಂದ ಸಾಹೇಬ್ರು ಕರಾ ಅಗಲಸ್ರಿ ಅಂದ್ರು. ನೀವು ಕೂಡಸ್ರಿ ಅಂತೀರಿ. ಮುಂದಿನ ಸಲ ಬರವ್ರು ಏನಂತಾರ, ಅದನ್ನೂ ಈಗ ಹೇಳಿಬಿಡ್ರಿ ಬಾಯಾರ, ಒಮ್ಮೆಲೆ ಕಲ್ತ ಬಿಡತೇವಿ" ಅಂದ. ಎಲ್ಲರೂ ನಕ್ಕರು. ಡಾಕ್ಟರ್ ಬಾಯಿಯೂ ನಕ್ಕರು.

ನಕ್ಕರೂ ಬಿಡದೆ ವಿವರಿಸಿದರು. ತಾಯಿ ಮೊಲೆ ಚೀಪಿದ ಕರುವಿಗೆ ಭೇದಿ ಹತ್ತುವುದು ಕಡಿಮೆ. ಕೆಚ್ಚಲು ಪೂರ್ತಿ ಖಾಲಿಯಾಗುವುದರಿಂದ ಬಾವು ಬರುವುದಿಲ್ಲ. ಎರಡು ಮೊಲೆ ಕರುವಿಗೆ, ಎರಡು ನಿಮಗೆ. ಕೆಲವು ವಾರ ತಾಳಿಕೊಳ್ಳಿ ಅಂದರು.

ಮೊದಲು ಒಪ್ಪಿದವಳು ಶಾಂತವ್ವ. ಮುಂದಿನ ಸೋಮವಾರವೇ, ನಾವೆಲ್ಲ ಅವಳ ಕೊಟ್ಟಿಗೆಯಲ್ಲಿ ಕೂತಿರುವಾಗಲೇ ಗೌರಿ ಈದಿತು. ಈರಪ್ಪ ಅಭ್ಯಾಸಬಲದಿಂದ ಕರುವನ್ನು ಎತ್ತಲು ಮುಂದೆ ಹೋದ. ಶಾಂತವ್ವ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಗೌರಿ ತಿರುಗಿತು. ಒಂದು ಕ್ಷಣ ಇದೇನು ಅನ್ನುವ ಹಾಗೆ ನೋಡಿ ನೆಕ್ಕಲು ಶುರು ಮಾಡಿತು. ಕಿವಿ, ಮೂಗು, ಹೊಟ್ಟೆ, ಬಾಲದ ತುದಿ. ಕರು ಎದ್ದು ಬಿತ್ತು, ಮತ್ತೆ ಎದ್ದಿತು. ಗೌರಿ ನೆಕ್ಕುತ್ತಲೇ ಇತ್ತು.

"ಇಷ್ಟೊತ್ತು ನೆಕ್ಕತಾವೇನು?" ಅಂದ ಈರಪ್ಪ. ಮೀಸೆ ಬೆಳ್ಳಗಾಗುವ ತನಕ ಆಕಳು ಸಾಕಿದವನು. ತನ್ನ ಕೊಟ್ಟಿಗೆಯಲ್ಲಿ ಒಂದು ಎಚ್.ಎಫ್. ತಾಯಿ ತನ್ನ ಕರುವನ್ನು ಪೂರ್ತಿ ಒಣಗಿಸಿದ್ದನ್ನು ನೋಡಿರಲಿಲ್ಲ.  

ಹುಟ್ಟಿದ್ದು ಗಂಡು ಕರು. ಹಣೆಯ ಮೇಲೆ ಬಿಳಿ ಮಚ್ಚೆ. ಶಾಂತವ್ವ ದೃಷ್ಟಿಯಾಗದಿರಲೆಂದು ಕೊರಳಿಗೆ ಕರಿ ದಾರ ಕಟ್ಟಿ ‘ಬಸ್ಯಾ’ ಅಂತ ಕರೆದಳು. ಅದು ಗಂಡು ಅನ್ನುವುದು ಎಲ್ಲರಿಗೂ ಕಂಡಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ.

ಆಮೇಲೆ ಪ್ರತಿ ಸೋಮವಾರ ಡಾಕ್ಟರ್ ಬಾಯಿ ಕೇಳುವ ಮೊದಲ ಪ್ರಶ್ನೆ, "ಕರಾ ಬಿಟ್ಟೀರೇನ್ರಿ?" ಅಂದರೆ ಕೆಚ್ಚಲಿಗೆ ಬಿಟ್ಟಿದ್ದೀರಾ ಅಂತ. ಶಾಂತವ್ವ ಶಾಲೆಯ ಹುಡುಗಿಯ ಹಾಗೆ ಎದ್ದು ನಿಂತು "ಬಿಟ್ಟೇವ್ರಿ" ಅನ್ನುವಳು. ನಾವು ಚಪ್ಪಾಳೆ ತಟ್ಟುವೆವು. ಬಸ್ಯಾ ದಿನದಿನಕ್ಕೆ ಗುಂಡಗಾಗುತ್ತಿದ್ದ.

ಬೆಕ್ಕಿಗೆ ಗಂಟೆ ಕಟ್ಟಲು ಹೋದವನೂ ಮೌಲಾಸಾಬನೇ. ಒಂದು ಸೋಮವಾರ ಕೇಳಿಯೇಬಿಟ್ಟ. "ಗಂಡಗರಾ ಏನ ಮಾಡೂದ್ರಿ ಬಾಯಾರ?"

ಎಚ್.ಎಫ್. ಹೋರಿ ಉಳುವುದಿಲ್ಲ, ನೊಗ ನಿಲ್ಲಲು ಡುಬ್ಬವೇ ಇಲ್ಲ. ಬಿಸಿಲು ತಡೆಯುವುದಿಲ್ಲ. ಮಾರುವಂತಿಲ್ಲ, ಕೊಳ್ಳುವವರೂ ಇಲ್ಲ, ಗೋಹತ್ಯೆ ನಿಷೇಧದ ಕಾನೂನು ಇದೆ. ಗೋಶಾಲೆಗೆ ಫೋನ್ ಮಾಡಿದರೆ ಜಾಗ ಇಲ್ಲ ಅನ್ನುತ್ತಾರೆ. ಈರಪ್ಪ ಹಿಂದೊಮ್ಮೆ ಒಂದನ್ನು ಸಾಕಿ ನೋಡಿದ್ದ. ಅದು ಬೆಳೆದು, ಹಗ್ಗ ಹರಿದುಕೊಂಡು ಪಕ್ಕದವರ ಕಬ್ಬಿಗೆ ನುಗ್ಗಿ, ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ಡಾಕ್ಟರ್ ಬಾಯಿ, "ಬರೀ ಹೆಣ್ಣು ಕರಾನ ಹುಟ್ಟೂ ಹಂಗ ಗಬ್ಬ ಕಟ್ಟಸೂ ಇಂಜೆಕ್ಷನ್ ಕಡ್ಡಿ ಬಂದಾವ್ರಿ. ನಮ್ಮ ಕಡೆ ಬೇಕಾದಷ್ಟು ಸಿಗಾಕ ಇನ್ನೂ ಸ್ವಲ್ಪ ತಡಾ ಆಗತೈತಿ" ಅಂದರು. ಆಮೇಲೆ ಮಾತು ಮೇವಿಗೆ ಬೆರೆಸುವ ಖನಿಜ ಮಿಶ್ರಣದ ಕಡೆ ತಿರುಗಿತು. ಹುಟ್ಟಿ ನಿಂತಿರುವ ಬಸ್ಯಾನನ್ನು ಯಾವ ಕಡ್ಡಿಯಿಂದ ಹೆಣ್ಣು ಮಾಡುವುದು?

ಈಗ ಮತ್ತೆ ಶಾಂತವ್ವನ ಕೊಟ್ಟಿಗೆಗೆ ಬನ್ನಿ. "ಬಿಟ್ಟಿದ್ದಕ್ಕ ರೀ" ಅಂದ ಈರಪ್ಪ ಬಾಗಿಲಲ್ಲಿ ನಿಂತಿದ್ದಾನೆ. ನಾನು ಕೊಟ್ಟಿಗೆಯ ಮೂಲೆ ಮೂಲೆ ನೋಡಿದೆ. ಬಸ್ಯಾ ಇಲ್ಲ.

ನಮ್ಮ ಕನ್ನಡದ ಈ ‘ಬಿಡು’ ಅನ್ನುವ ಮಾತು ಎಂಥದ್ದು ನೋಡಿ. ಕರುವನ್ನು ಕೆಚ್ಚಲಿಗೆ ಕಳಿಸುವುದೂ ಬಿಡುವುದೇ. ಆಕಳು ಹಾಲು ಇಳಿಸುವುದೂ ಬಿಡುವುದೇ. ಕಾಡಂಚಿನಲ್ಲಿ ಇಳಿಸಿ ತಿರುಗಿ ನೋಡದೆ ಬೈಕ್ ಓಡಿಸುವುದೂ ಬಿಡುವುದೇ. ಕೊನೆಗೆ ‘ಹೋಗ್ಲಿ ಬಿಡ್ರಿ’ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುವುದಕ್ಕೂ ಅದೇ ಮಾತು ಬೇಕು.

"ಎಲ್ಲಿ ಬಿಟ್ರಿ?" ಅಂದೆ.

"ಕುಳಗಿ ರಸ್ತಾಕ ರೀ, ದಾಂಡೇಲಿ ಆಚೆ ಅಡವಿ ದಂಡಿಗೆ. ಅಳಿಯಾ ಬೈಕ್ ಹೊಡದಾ, ನಾ ನಡಕ ಹಿಡಕೊಂಡ ಕುಂತಿದ್ದೆ." ಈರಪ್ಪ ನನ್ನ ಮುಖ ನೋಡುತ್ತಿರಲಿಲ್ಲ. "ಅಲ್ಲೆ ಬ್ಯಾರೇ ಕರಾನೂ ಅದಾವ್ರಿ. ಅದೊಂದ ಅಲ್ಲ. ರೆಸಾರ್ಟಿಗೆ ಬರೂ ಮಂದಿ ಬಿಸ್ಕಿಟ್ ಹಾಕತಾರ. ಯಾರರ ಒಯ್ದರೂ ಒಯ್ಯಬಹುದು."

ಬೈಯಬೇಕು ಅಂತ ಬಾಯಿ ತೆರೆದೆ. ಆಗ ಒಳಗಿನ ದೇವರ ಜಗಲಿ ಕಂಡಿತು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಬಹಳ ದಿನವಾಗಿಲ್ಲ. ಮಣ್ಣಿನ ಎರಡು ಎತ್ತುಗಳು, ಹಣೆಗೆ ವಿಭೂತಿ, ಮುಂದೆ ಒಣಗಿದ ಹೂವು. ಮಣ್ಣಿನ ಬಸವಣ್ಣನಿಗೆ ಮೇವು ಬೇಡ, ಹಾಲು ಬೇಡ, ಅವನು ಯಾರ ಕಬ್ಬಿಗೂ ನುಗ್ಗುವುದಿಲ್ಲ. ಅವನಿಗೆ ಮನೆಯೊಳಗೆ ಜಾಗವಿದೆ. ಈರಪ್ಪನೊಬ್ಬನನ್ನೇ ಬೈದು ಏನು ಪ್ರಯೋಜನ? ಆ ಜಗಲಿ ನಮ್ಮ ಮನೆಯಲ್ಲೂ ಇದೆ.

ಶಾಂತವ್ವ ಎದ್ದಳು. "ಹೋಗೂಣು ನಡೀರಿ ಅಕ್ಕಾರ. ಇನ್ನೂ ಅಲ್ಲೇ ಇರತೈತಿ. ತರೂಣು" ಅಂದಳು.

"ಒಯ್ಯೂವಾಗ ನೀ ಏನಂದಿ?" ಅಂತ ಕೇಳಿದೆ.

"ಬ್ಯಾಡ ಅನ್ನಾಕ ಬಾಯಿ ಬರಲಿಲ್ರಿ" ಅಂದಳು.

ಮೌಲಾಸಾಬ ಟೆಂಪೋ ತಂದ. ಹತ್ತುವ ಮೊದಲೇ ಒಂದು ಮಾತು ಸ್ಪಷ್ಟ ಮಾಡಿದ. "ಹುಡಕಾಕ ಬರತೇನಿ. ಸಿಕ್ರ ನನ್ನ ಗಾಡ್ಯಾಗ ತರೂದಿಲ್ಲ. ಈರಪ್ಪಣ್ಣಗ ಫೋನ್ ಹಚ್ರಿ, ಬೈಕ್ ಮ್ಯಾಲ ಒಯ್ದಂಗ ಬೈಕ್ ಮ್ಯಾಲನ ತರಲಿ."

"ಯಾಕ, ಗಾಡಿ ಹೊಲಸಾಗತೈತೇನು?" ಅಂದೆ.

ಅವನು ನನ್ನ ಕಡೆ ನೋಡಿದ. "ಅಕ್ಕಾರ, ನನ್ನ ಹೆಸರೇನ್ರಿ? ಆ ಹೆಸರಿನಾಂವ ಗಾಡ್ಯಾಗ ಕರಾ ಹಾಕ್ಕೊಂಡ ಹೊಂಟ್ರ ದಾಂಡೇಲಿ ದಾಟತಾನೇನು? ನೀವು ಪೇಪರಿಗೆ ಬರೀತೀರಿ ಬರೇ, ಓದೂದಿಲ್ಲೇನು?"

 ಕರುವನ್ನು ಕಾಡಿಗೆ ಒಯ್ದವನನ್ನು ದಾರಿಯಲ್ಲಿ ಯಾರೂ ತಡೆಯಲಿಲ್ಲ. ಮನೆಗೆ ತರುವವನು ಹೆದರಬೇಕು. ನಾವು ದಾಂಡೇಲಿ ದಾಟಿ ಕುಳಗಿ ರಸ್ತೆ ಹಿಡಿದೆವು.

ಈರಪ್ಪ ಹೇಳಿದ ಜಾಗದಲ್ಲಿ ಒಂದು ಚಹಾದ ಗೂಡಂಗಡಿ. ಸುತ್ತ ನಾಲ್ಕೈದು ಕರುಗಳು, ಎಲ್ಲವೂ ಗಂಡು, ಎಲ್ಲದರ ಪಕ್ಕೆಲುಬೂ ಎಣಿಸಬಹುದು. ಒಂದು ಚಿಪ್ಸಿನ ಖಾಲಿ ಪ್ಯಾಕೆಟ್ ಅಗಿಯುತ್ತಿತ್ತು. ಬಸ್ಯಾ ಅವುಗಳಲ್ಲಿ ಇರಲಿಲ್ಲ.

ಅಂಗಡಿಯಲ್ಲಿ ಒಬ್ಬ ಹೆಂಗಸಿದ್ದಳು. ನಾವು ಕೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಹುಡುಕಿಕೊಂಡು ಬರುವವರು ಅಪರೂಪ, ಆದರೆ ನಮ್ಮ ಕಣ್ಣು ಏನು ಹುಡುಕುತ್ತಿದೆ ಅನ್ನುವುದು ಅವಳಿಗೆ ಕಂಡಿರಬೇಕು.

"ಹಣಿ ಮ್ಯಾಲ ಬಿಳಿ ಮಚ್ಚಿ ಇತ್ತೇನ್ರಿ? ಕೊಳ್ಳಾಗ ಕರೀ ದಾರ?"

"ಹೌದ್ರಿ" ಅಂದಳು ಶಾಂತವ್ವ.

"ಅದು ಹೋತ್ರಿ. ನಿನ್ನಿ ನಸಿಕಿನ್ಯಾಗ."

ಆಮೇಲೆ ಅವಳು ಹೇಳಿದ್ದನ್ನು ನಾನು ಮರೆಯಬೇಕೆಂದರೂ ಮರೆಯಲಾರೆ. ಉಳಿದವು ಬಕೆಟ್ಟಿನಲ್ಲಿ ಬೆಳೆದ ಕರುಗಳು. ಹುಟ್ಟಿದಂದಿನಿಂದ ಒಂಟಿ. ಬಂದ ದಿನವೇ ಕಸಕ್ಕೆ ಬಾಯಿ ಹಾಕುತ್ತವೆ, ಕತ್ತಲಾದರೆ ಅಂಗಡಿಯ ಹಿಂದೆ ಬಂದು ಸದ್ದಿಲ್ಲದೆ ಮಲಗುತ್ತವೆ.

"ಇದಕ್ಕ ಅದೇನೂ ಗೊತ್ತಿರಲಿಲ್ರಿ" ಅಂದಳು. "ಯಾರದರ ಸೀರಿ ಕಂಡ್ರ ಸಾಕು, ಬೆನ್ನ ಹತ್ತತಿತ್ತು. ಹಾಲ ಹಾಕಿದ್ರ ಬಟ್ಲಾಗ ಕುಡ್ಯಾಕ ಬರತಿರಲಿಲ್ಲ. ಬರೇ ಒದರೂದು. ಹಗಲಿ ಒದರೂದು, ರಾತ್ರಿ ಒದರೂದು. ಅದನ್ನ ಕೇಳೇ ನಾಯಿ ಬಂದ್ವು."

ಶಾಂತವ್ವ ಅಲ್ಲಿಯೇ ನಿಂತಳು. ಅವಳ ಮೈಯಲ್ಲಿ ಕೊಟ್ಟಿಗೆಯ ವಾಸನೆ ಇತ್ತೋ ಏನೋ, ಚಿಪ್ಸ್ ಪ್ಯಾಕೆಟ್ ಅಗಿಯುತ್ತಿದ್ದ ಕರು ಬಂದು ಅವಳ ಸೆರಗಿನ ತುದಿ ಚೀಪತೊಡಗಿತು. ಅವಳು ಅದರ ತಲೆ ಮುಟ್ಟಿದಳು.  ಆಮೇಲೆ ಸೆರಗನ್ನು ಮೆಲ್ಲಗೆ ಅದರ ಬಾಯಿಂದ ಬಿಡಿಸಿಕೊಂಡು "ನಂದಲ್ಲ" ಅಂದಳು. ಬಂದು ಗಾಡಿಯಲ್ಲಿ ಕೂತಳು.

ಅದನ್ನಾದರೂ ತರಬಹುದಿತ್ತಲ್ಲ ಅನ್ನುತ್ತೀರಾ? ಎಲ್ಲಿ ಕಟ್ಟುವುದು? ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಗೋಮಾತೆಯ ಫೋಟೋ ಕಳಿಸುವವರು ನನ್ನ ಲಿಸ್ಟಿನಲ್ಲೇ ಹತ್ತಾರು ಜನರಿದ್ದಾರೆ. ಗೋಮಾತೆಗೆ ಗಂಡು ಮಕ್ಕಳೂ ಹುಟ್ಟುತ್ತಾರೆ ಅನ್ನುವುದು ಅವರಿಗೆ ಗೊತ್ತಿದೆಯಾ? ಅವರ ಕಂಪೌಂಡಿನಲ್ಲಿ ಒಂದು ಗೂಟಕ್ಕೆ ಜಾಗವಿದೆಯಾ? ನಮ್ಮ ಹಿತ್ತಲಲ್ಲಿ ಇದೆ. ನಾನೂ ತರಲಿಲ್ಲ.

ದಾರಿಯಲ್ಲಿ ಶಾಂತವ್ವ ಒಂದೇ ಮಾತು ಆಡಿದಳು. "ನೆಕ್ಕಿಸಿದ್ದ ತಪ್ಪಾತ್ರಿ."

ಮನೆ ಮುಟ್ಟಿದಾಗ ಗೌರಿಯ ಕೆಚ್ಚಲು ಕಲ್ಲಾಗಿತ್ತು. ಇನ್ನೊಂದು ಹೊತ್ತು ಹಾಲು ಇಳಿಯದಿದ್ದರೆ ಬಾವು ಹತ್ತುವುದು ಖಂಡಿತ. ಹಿಂದಿನವರು ಇಂಥ ಹೊತ್ತಿನಲ್ಲಿ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರಂತೆ. ಇಲ್ಲಿ ತೊಗಲೂ ಇಲ್ಲ. ಶಾಂತವ್ವ ಒಳಗೆ ಹೋಗಿ ಗೋಣಿಚೀಲ ತಂದಳು. ಬಸ್ಯಾ ಮಲಗುತ್ತಿದ್ದ ಚೀಲ. ಅದನ್ನು ಗೌರಿಯ ಮೂಗಿನ ಮುಂದೆ ಹಿಡಿದಳು.

ಗೌರಿ ಮೂಸಿತು. ಕೂಗು ನಿಂತಿತು. ಆಮೇಲೆ ಆ ಚೀಲವನ್ನು ನೆಕ್ಕಲು ಶುರು ಮಾಡಿತು.

ಈರಪ್ಪ ಬಕೆಟ್ ಇಟ್ಟು ಕೂತ. ಹಾಲು ಬಂತು. ಬಕೆಟ್ ತುಂಬುವವರೆಗೂ ಶಾಂತವ್ವ ಚೀಲ ಹಿಡಿದು ನಿಂತೇ ಇದ್ದಳು. ನನಗೆ ನೋಡಲಾಗಲಿಲ್ಲ, ಹೊರಗೆ ಬಂದು ಅತ್ತೆ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಎಂದಿನಂತೆ ಹಾಲು ಬಂತು. ಅದನ್ನು ಕಾಯಿಸಿದೆ. ಕುಡಿದೆವು.

ಮೊನ್ನೆ ಸೋಮವಾರ ಮೀಟಿಂಗ್ ಇತ್ತು. ಡಾಕ್ಟರ್ ಬಾಯಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಅವತ್ತು ಅವರು ಆ ಪ್ರಶ್ನೆ ಕೇಳಲಿಲ್ಲ. ಪ್ರತಿ ವಾರ ಪಾಠಕ್ಕೆಂದು ತೋರಿಸುತ್ತಿದ್ದ ಮೊಬೈಲಿನ ವಿಡಿಯೋ ಕೂಡ ತೆಗೆಯಲಿಲ್ಲ.

ಕರು ತಾಯಿಯ ಹತ್ತಿರ ಇರಬೇಕೋ ಬೇಡವೋ? ಚರ್ಚೆ ಬಹಳ ಹೊತ್ತು ನಡೆಯಿತು. ಒಳ್ಳೆಯದಾಗಿರುವುದಂತೂ ನಿಜ ಅಂದರು ಹಲವರು. ಹೆಣ್ಣು ಕರುವನ್ನು ತಾಯಿಯ ಹತ್ತಿರ ಬಿಟ್ಟಿದ್ದ ಇಬ್ಬರು, ನಮ್ಮ ಕರುಗಳು ಹಿಂದೆಂದೂ ಇಷ್ಟು ಗಟ್ಟಿ ಇರಲಿಲ್ಲ ಅಂದರು.  ಕೊನೆಗೆ ಈರಪ್ಪನೇ ದಾರಿ ತೋರಿಸಿದ.

"ಹೆಣ್ಣಗರಾ ಆದ್ರ ನೆಕ್ಕಸೂಣು. ಗಂಡಗರಾ ಆದ್ರ ನೆಕ್ಕಸೂದು ಬ್ಯಾಡ, ಮೊದಲಿನಂಗ ಹಿತ್ತಲಕ್ಕ ಒಯ್ಯೂಣು. ಅದಕ್ಕೂ ಮಾಯಾ ಹತ್ತೂದಿಲ್ಲ, ತಾಯಿಗೂ ಹತ್ತೂದಿಲ್ಲ. ನಾಳೆ ಬಿಡೂವಾಗ ಒದರೂದಿಲ್ಲ."

ಎಲ್ಲರೂ ತಲೆಯಾಡಿಸಿದರು. ಡಾಕ್ಟರ್ ಬಾಯಿ ಒಪ್ಪಲಿಕ್ಕಿಲ್ಲ ಅಂದುಕೊಂಡಿದ್ದೆ. ಅವರು, "ಹೆಣ್ಣು ಕರಾನರ ತಾಯಿ ಹತ್ರ ಉಳೀಲಿ" ಅಂದರು. ಅವರನ್ನು ದೂರುವುದಕ್ಕೂ ನನಗೆ ಮನಸ್ಸಾಗಲಿಲ್ಲ. ಒಂದು ತಿಂಗಳು ಎಲ್ಲರೂ ಕೂಡಿ ಕಲಿತದ್ದು ಇಷ್ಟು. ಮುಂದಿನ ಸಲ ಬಿಡುವಾಗ ಕೂಗದಂಥ ಕರುವನ್ನು ಬೆಳೆಸುವುದು ಹೇಗೆ ಅಂತ.

ಎಲ್ಲರೂ ಏಳುವ ಹೊತ್ತಿಗೆ ಶಾಂತವ್ವ ಎದ್ದು ನಿಂತಳು. ಅವಳ ಇನ್ನೊಂದು ಆಕಳು ತುಂಬಿದ ಬಸಿರು. ಇವತ್ತೋ ನಾಳೆಯೋ ಈಯಬೇಕು.

"ಆತ್ರಿ, ಎಲ್ಲಾರೂ ಹೇಳಿದಂಗ ಮಾಡತೇನಿ" ಅಂದಳು. "ಒಂದ ಮಾತು ಹೇಳ್ರಿ. ಗಂಡೋ ಹೆಣ್ಣೋ ಅಂತ ನಾವು ನೋಡೂತನಕ ಆಕೀ ನಾಲಿಗಿ ಯಾರ ಹಿಡಕೊಂಡ ಕುಂಡ್ರವರು?"